ಹೋಟೆಲ್, ಕ್ಯಾಸಿನೊಗಳ ಲಿಫ್ಟ್ ಮತ್ತು ಎಸ್ಕಲೇಟರ್ ಅವಘಡಗಳು: ಕಾನೂನಿನ ಹೊಣೆ

ಹೋಟೆಲಿನಲ್ಲೋ ಕ್ಯಾಸಿನೊದಲ್ಲೋ ಲಿಫ್ಟ್ ಅಥವಾ ಎಸ್ಕಲೇಟರಿನಿಂದ ಗಾಯಗೊಂಡವರ ನಷ್ಟವನ್ನು ಯಾರು, ಯಾವ ಆಧಾರದ ಮೇಲೆ, ಎಷ್ಟು ತುಂಬಿಕೊಡಬೇಕು ಎಂಬುದನ್ನು ತೀರ್ಮಾನಿಸುವ ನಿಯಮಗಳು ಟಾರ್ಟ್ ಕಾನೂನಿಗೆ, ಅಂದರೆ ಸಿವಿಲ್ ಅಪಕೃತ್ಯಗಳ ಕಾನೂನಿಗೆ ಸೇರುತ್ತವೆ. ಇವಕ್ಕಾಗಿ ಪ್ರತ್ಯೇಕ ಸಂಹಿತೆ ಎಂಬುದು ಎಲ್ಲೂ ಇಲ್ಲ. ಜಾಗದ ಒಡೆಯನ ಹೊಣೆ, ಛತ್ರ–ವಸತಿಗೃಹ ನಡೆಸುವವನ ಹೊಣೆ, ಪ್ರಯಾಣಿಕರನ್ನು ಸಾಗಿಸುವವನ ಹೊಣೆ, ಯಂತ್ರ ತಯಾರಕನ ಹೊಣೆ, ಗುತ್ತಿಗೆ ಕರಾರಿನ ಷರತ್ತು, ಇವೆಲ್ಲ ಒಂದೇ ಮೊಕದ್ದಮೆಯಲ್ಲಿ ಬಂದು ಸೇರುತ್ತವೆ. ಈ ಕಾನೂನು ಹೆಚ್ಚು ಬೆಳೆದಿರುವುದು ಅಮೆರಿಕದಲ್ಲಿ. ಅಲ್ಲೂ ಲಾಸ್ ವೇಗಸ್ ಇರುವ ನೆವಾಡಾ ರಾಜ್ಯದಲ್ಲಿ ಇದಕ್ಕೆ ತನ್ನದೇ ಬಣ್ಣ ಬಂದಿದೆ. ಆದ್ದರಿಂದ ಈ ಲೇಖನ ನೆವಾಡಾವನ್ನು ಮುಂದಿಟ್ಟುಕೊಂಡು, ದಾರಿ ಕವಲೊಡೆಯುವ ಕಡೆ ಇಂಗ್ಲೆಂಡ್, ನ್ಯೂಯಾರ್ಕ್, ಕ್ಯಾಲಿಫೋರ್ನಿಯಾಗಳನ್ನು ನೋಡಿ, ಕೊನೆಗೆ ಭಾರತಕ್ಕೆ ಬರುತ್ತದೆ.

ಹೋಟೆಲಿನವರು ಲಿಫ್ಟನ್ನು ತಯಾರಿಸಿರುವುದಿಲ್ಲ, ರಿಪೇರಿಯನ್ನೂ ತಾವೇ ಮಾಡುವುದಿಲ್ಲ. ತಯಾರಿಸಿದ್ದು ಒಂದು ಕಂಪನಿ. ತಿಂಗಳು ತಿಂಗಳು ಬಂದು ನೋಡಿಕೊಂಡು ಹೋಗುವುದು ಇನ್ನೊಂದು, ಕೆಲವೊಮ್ಮೆ ಅದೇ. ಪರವಾನಗಿ ಕೊಟ್ಟದ್ದು ಸರ್ಕಾರದ ಇನ್‌ಸ್ಪೆಕ್ಟರು. ಅವಘಡವಾದ ಮರುದಿನ ಇವರೆಲ್ಲ ಒಬ್ಬರ ಕಡೆ ಇನ್ನೊಬ್ಬರು ಬೊಟ್ಟು ಮಾಡುತ್ತಾರೆ. ಕೆಲಸವನ್ನು ಗುತ್ತಿಗೆಗೆ ಕೊಡಬಹುದು ಸರಿ, ಹೊಣೆಯನ್ನೂ ಗುತ್ತಿಗೆಗೆ ಕೊಟ್ಟು ಕೈತೊಳೆದುಕೊಳ್ಳಬಹುದೇ ಎಂಬುದೇ ಈ ಕಾನೂನಿನ ನಡುವೆ ಕೂತಿರುವ ಪ್ರಶ್ನೆ. ಬೇರೆ ಬೇರೆ ನಾಡಿನ ನ್ಯಾಯಾಲಯಗಳು ಇದಕ್ಕೆ ಬೇರೆ ಬೇರೆ ಉತ್ತರ ಕೊಟ್ಟಿವೆ.

ಗಾಯಗಳು ಆಗುವ ಬಗೆ

ಹಗ್ಗ ಕಡಿದು ಲಿಫ್ಟ್ ಪಾತಾಳಕ್ಕೆ ಬೀಳುವುದು ಸಿನಿಮಾದಲ್ಲಿ ಹೆಚ್ಚು, ಕಟ್ಟಡಗಳಲ್ಲಿ ತೀರಾ ಅಪರೂಪ. ಎಲಿಶಾ ಓಟಿಸ್ 1850ರ ದಶಕದಲ್ಲಿ ನ್ಯೂಯಾರ್ಕಿನ ಪ್ರದರ್ಶನದಲ್ಲಿ ಜನರೆದುರು ಹಗ್ಗ ಕಡಿಸಿ ತೋರಿಸಿದ ಹಿಡಿತದ ಉಪಾಯ, ಬಗೆಬಗೆಯಾಗಿ ಸುಧಾರಿಸಿ ಇಂದಿಗೂ ಕೆಲಸ ಮಾಡುತ್ತಿದೆ. ನಿಜವಾದ ಗಾಯಗಳು ಇಷ್ಟು ನಾಟಕೀಯವಲ್ಲ. ಲಿಫ್ಟಿನ ಪೆಟ್ಟಿಗೆ ಮಹಡಿಯ ನೆಲಕ್ಕೆ ಸಮನಾಗಿ ನಿಲ್ಲದೆ ಎರಡು ಬೆರಳು ಮೇಲೋ ಕೆಳಗೋ ನಿಂತಿರುತ್ತದೆ, ಫೋನು ನೋಡುತ್ತ ಹೊರಬಂದವರು ಮುಗ್ಗರಿಸುತ್ತಾರೆ. ಅಂಗವಿಕಲರ ಅನುಕೂಲಕ್ಕಾಗಿ ಅಮೆರಿಕ ರೂಪಿಸಿರುವ ಮಾನದಂಡ ಈ ವ್ಯತ್ಯಾಸ ಅರ್ಧ ಇಂಚನ್ನು ಮೀರಬಾರದು ಎನ್ನುತ್ತದೆ. ಬಾಗಿಲು ಮುಚ್ಚಿಕೊಳ್ಳುವಾಗ ವಯಸ್ಸಾದವರ ಭುಜಕ್ಕೆ ಬಡಿಯುವುದು ಎರಡನೇ ಬಗೆ. ಬಾಗಿಲು ತಳ್ಳುವ ಬಲಕ್ಕೂ ಮಿತಿಯುಂಟು, 135 ನ್ಯೂಟನ್. ಬಾಗಿಲ ಅಂಚಿನ ಬೆಳಕಿನ ಕಿರಣಗಳು ಮನುಷ್ಯನನ್ನು ಕಂಡ ಕೂಡಲೇ ಅದು ಮತ್ತೆ ತೆರೆದುಕೊಳ್ಳಬೇಕು.

ಎಸ್ಕಲೇಟರಿನಲ್ಲಿ ಹೆಚ್ಚಿನವರು ಗಾಯಗೊಳ್ಳುವುದು ಬಿದ್ದು. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಅಂದಾಜಿನಂತೆ 1994ರಲ್ಲಿ ಎಸ್ಕಲೇಟರ್ ಗಾಯಗಳಿಗಾಗಿ ಸುಮಾರು 7,300 ಜನ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿದ್ದರು. ಅದರಲ್ಲಿ ಸುಮಾರು 1,000 ಕೈಯೋ ಕಾಲೋ ಚಪ್ಪಲಿಯೋ ಸಿಕ್ಕಿಕೊಂಡ ಪ್ರಕರಣ. ಮೆಟ್ಟಿಲಿನ ಪಕ್ಕ ಮತ್ತು ಅದಕ್ಕೆ ತಾಗಿದಂತಿರುವ ಲೋಹದ ತಗಡಿನ ನಡುವೆ ಸಣ್ಣದೊಂದು ಸಂದು ಇರುತ್ತದೆ. ಅಲ್ಲಿ ಒರಸುವಂತೆ ಜೋಡಿಸಿರುವ ಕಪ್ಪು ಬ್ರಶ್ಶನ್ನು ಅನೇಕರು ಬೂಟು ಉಜ್ಜಿಕೊಳ್ಳಲು ಇಟ್ಟಿದ್ದಾರೆಂದು ತಿಳಿದು ಅದಕ್ಕೇ ಕಾಲು ಒಡ್ಡುತ್ತಾರೆ. ಅದಿರುವುದು ಕಾಲನ್ನು ಸಂದಿನಿಂದ ದೂರ ಇಡಲು. 2006ರ ಜನವರಿಯಿಂದ 2008ರವರೆಗೆ ಇದೇ ಆಯೋಗದ ಗಮನಕ್ಕೆ ಬಂದ 77 ಸಿಕ್ಕಿಕೊಂಡ ಪ್ರಕರಣಗಳಲ್ಲಿ ಎರಡನ್ನು ಬಿಟ್ಟು ಉಳಿದೆಲ್ಲದರಲ್ಲೂ ಕಾಲಲ್ಲಿದ್ದದ್ದು ಮೆತ್ತಗೆ ಬಾಗುವ ರಬ್ಬರಿನಂಥ ಪಾದರಕ್ಷೆ. ಇನ್ನು ಮೆಟ್ಟಿಲು ನೆಲದೊಳಕ್ಕೆ ಜಾರುವ ಕಡೆ ಇರುವ ಬಾಚಣಿಗೆಯ ಹಲ್ಲಿನಂಥ ಫಲಕದಲ್ಲಿ ಒಂದೆರಡು ಹಲ್ಲು ಮುರಿದಿದ್ದರೆ ಬೆರಳು ಸಿಕ್ಕುವಷ್ಟು ಜಾಗವಾಗುತ್ತದೆ. ಕೈಹಿಡಿಯ ಪಟ್ಟಿ ಮೆಟ್ಟಿಲಿಗಿಂತ ನಿಧಾನ ಓಡಿದರೆ ಅದನ್ನು ನಂಬಿ ಹಿಡಿದವರು ಹಿಂದಕ್ಕೆ ವಾಲುತ್ತಾರೆ. ವಕೀಲರಿಗೆ ಈ ಪುಟ್ಟ ವಿವರಗಳೇ ಬೇಕು. ಮುರಿದ ಹಲ್ಲು ಒಂದು ದಿನದಲ್ಲಿ ಆದದ್ದೋ, ತಿಂಗಳಿಂದ ಹಾಗೇ ಇತ್ತೋ ಎನ್ನುವುದರ ಮೇಲೆ ಮೊಕದ್ದಮೆ ನಿಲ್ಲುತ್ತದೆ.

ಹೋಟೆಲು–ಕ್ಯಾಸಿನೊ ಎಂಬ ಜಾಗದ ಗುಣವೇ ಅಪಾಯವನ್ನು ಹೆಚ್ಚಿಸುತ್ತದೆ. ಬಂದವರು ಆ ಕಟ್ಟಡಕ್ಕೆ ಹೊಸಬರು, ಕೈಯಲ್ಲಿ ಚಕ್ರದ ಸೂಟ್‌ಕೇಸು, ಹೊತ್ತಿನ ಪರಿವೆಯಿಲ್ಲ, ಹಲವರ ಹೊಟ್ಟೆಯಲ್ಲಿ ಒಂದಷ್ಟು ಮದ್ಯ. ಯಂತ್ರಗಳೂ ಸಾಮಾನ್ಯದವಲ್ಲ. 1993ರಲ್ಲಿ ತೆರೆದ ಪಿರಮಿಡ್ಡಿನಾಕಾರದ ಲಕ್ಸರ್ ಹೋಟೆಲಿನಲ್ಲಿ ಲಿಫ್ಟ್‌ಗಳು ಗೋಡೆಯ ಓರೆಗೆ ತಕ್ಕಂತೆ 39 ಡಿಗ್ರಿ ಕೋನದಲ್ಲಿ ಓರೆಯಾಗಿ ಏರುತ್ತವೆ. ಸೀಸರ್ಸ್ ಪ್ಯಾಲೇಸಿಗೆ ಅಂಟಿಕೊಂಡ ಫೋರಂ ಶಾಪ್ಸ್‌ನಲ್ಲಿ ಸುರುಳಿಯಾಗಿ ಬಳಸಿ ಏರುವ ಮಿತ್ಸುಬಿಷಿ ಎಸ್ಕಲೇಟರುಗಳಿವೆ. ಇಂಥ ವಿಶೇಷ ಯಂತ್ರ ಕೂರಿಸಿದವರು ಅದಕ್ಕೆ ತಕ್ಕ ವಿಶೇಷ ಎಚ್ಚರವನ್ನೂ ವಹಿಸಬೇಕು ಎಂಬ ವಾದಕ್ಕೆ ಅಲ್ಲಿ ನೆಲೆಯಿದೆ.

ಎಷ್ಟು ಎಚ್ಚರ ಸಾಕು?

ಲಿಫ್ಟ್ ಒಂದು ವಾಹನವೋ, ಕಟ್ಟಡದ ಒಂದು ಭಾಗವೋ? ನೂರು ವರ್ಷದ ಹಿಂದೆ ಇದು ದೊಡ್ಡ ಚರ್ಚೆ. ರೈಲು, ಕೋಚುಗಾಡಿಗಳಲ್ಲಿ ಜನರನ್ನು ಸಾಗಿಸುವವರ ಮೇಲೆ ಆಂಗ್ಲ–ಅಮೆರಿಕನ್ ಕಾನೂನು ಮೊದಲಿಂದಲೂ ಅತ್ಯಂತ ಕಟ್ಟುನಿಟ್ಟಾದ ಎಚ್ಚರಿಕೆಯನ್ನು ಹೇರಿದೆ. ಪ್ರಯಾಣಿಕ ತನ್ನ ದೇಹವನ್ನೇ ಅವರ ಕೈಗೆ ಒಪ್ಪಿಸಿರುತ್ತಾನೆ ಎಂಬುದು ಅದರ ಹಿಂದಿನ ಮಾತು. ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು 1889ರ ಟ್ರೆಡ್‌ವೆಲ್ ಮೊಕದ್ದಮೆಯಲ್ಲಿ ಲಿಫ್ಟ್ ನಡೆಸುವವರನ್ನೂ ಆ ಸಾಲಿಗೇ ಸೇರಿಸಿತು. ಅಡ್ಡಡ್ಡ ಸಾಗಿಸಿದರೇನು, ನೆಟ್ಟಗೆ ಮೇಲಕ್ಕೆ ಸಾಗಿಸಿದರೇನು ಎಂಬುದು ಆ ತರ್ಕದ ಸಾರ. ಮುಂದೆ 1964ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಅಂಗಡಿಯ ಎಸ್ಕಲೇಟರಿಗೂ ಅದನ್ನೇ ಅನ್ವಯಿಸಿತು.

ನ್ಯೂಯಾರ್ಕಿನ ಅತ್ಯುನ್ನತ ನ್ಯಾಯಾಲಯ 1901ರ ಗ್ರಿಫೆನ್ ಮೊಕದ್ದಮೆಯಲ್ಲಿ ಇದನ್ನು ಒಪ್ಪಲಿಲ್ಲ. ಕಟ್ಟಡದ ಒಡೆಯ ರೈಲು ಕಂಪನಿಯಲ್ಲ, ಅವನಿಗೆ ಸಾಮಾನ್ಯ ವಿವೇಕದ ಎಚ್ಚರ ಸಾಕು ಎಂದಿತು. ಹಾಗೆಂದು ಗಾಯಾಳುವನ್ನು ಬರಿಗೈಯಲ್ಲಿ ಕಳಿಸಲೂ ಇಲ್ಲ. ಲಿಫ್ಟ್ ಕುಸಿಯಿತು ಎಂಬ ಸಂಗತಿಯೇ ಅಲಕ್ಷ್ಯಕ್ಕೆ ಪುರಾವೆ ಎಂದು ಜ್ಯೂರಿ ಭಾವಿಸಬಹುದು ಎಂದಿತು. ಎಚ್ಚರದ ಮಟ್ಟವನ್ನು ಇಳಿಸಿ, ರುಜುವಾತಿನ ಭಾರವನ್ನೂ ಇಳಿಸಿದ್ದರಿಂದ ತಕ್ಕಡಿ ಹೆಚ್ಚು ಕಡಿಮೆ ಸಮನಾಯಿತು. ನನ್ನ ಮಟ್ಟಿಗೆ ನ್ಯೂಯಾರ್ಕಿನ ದಾರಿ ಹೆಚ್ಚು ಪ್ರಾಮಾಣಿಕವಾದದ್ದು. ಎಚ್ಚರಿಕೆಯ ಮಟ್ಟಕ್ಕೆ ಎಷ್ಟೇ ದೊಡ್ಡ ವಿಶೇಷಣ ಹಚ್ಚಿದರೂ ಜ್ಯೂರಿಯವರು ಕೊನೆಗೆ ಕೇಳುವುದು ಕಂಪನಿಯವರು ಮಾಡಬೇಕಾದ್ದನ್ನು ಮಾಡಿದ್ದರೇ ಇಲ್ಲವೇ ಎಂಬುದನ್ನೇ.

ನೆವಾಡಾದಲ್ಲಿ 1994ರ ಮೂಡಿ ತೀರ್ಪು ಜಾಗದೊಡೆಯರ ಹೊಣೆಯನ್ನು ಸರಳಗೊಳಿಸಿತು. ಅಲ್ಲಿಯವರೆಗೆ ಬಂದವನು ಆಹ್ವಾನಿತನೋ, ಬರೀ ಅನುಮತಿ ಪಡೆದವನೋ, ಅತಿಕ್ರಮಿಯೋ ಎಂದು ವಿಂಗಡಿಸಿ ಅದಕ್ಕೆ ತಕ್ಕ ಹೊಣೆ ಹೊರಿಸುತ್ತಿದ್ದರು. ಆ ತೀರ್ಪಿನ ನಂತರ ಸನ್ನಿವೇಶಕ್ಕೆ ತಕ್ಕ ಸಾಮಾನ್ಯ ಎಚ್ಚರ ಎಂಬ ಒಂದೇ ಅಳತೆಗೋಲು. ಕೋಣೆ ಹಿಡಿದ ಅತಿಥಿ, ಬರೀ ಕಾರಂಜಿ ನೋಡಲು ಒಳಬಂದ ದಾರಿಹೋಕ, ಇಬ್ಬರಿಗೂ ಅದೇ.

ಯಂತ್ರಕ್ಕೆ ಸಂಬಂಧಿಸಿದ ತಾಂತ್ರಿಕ ನಿಯಮಗಳ ಮೂಲ 1921ರಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘ ಮೊದಲು ಹೊರತಂದ ಎ17.1 ಸುರಕ್ಷತಾ ಸಂಹಿತೆ. ಅದರ ಪರಿಷ್ಕೃತ ರೂಪಗಳನ್ನು ಹೆಚ್ಚಿನ ರಾಜ್ಯಗಳು ಕಾನೂನಾಗಿ ಅಳವಡಿಸಿಕೊಂಡಿವೆ. ನೆವಾಡಾದಲ್ಲಿ ಪರವಾನಗಿ, ತಪಾಸಣೆ ನೋಡಿಕೊಳ್ಳುವುದು ಕಾರ್ಮಿಕ ಸುರಕ್ಷತೆಯ ಆಡಳಿತದಡಿ ಇರುವ ಯಾಂತ್ರಿಕ ತಪಾಸಣಾ ವಿಭಾಗ. ಸಂಹಿತೆಯನ್ನು ಮುರಿದದ್ದು ಸಾಬೀತಾದರೆ ಹೋಟೆಲಿನವರಿಗೆ ಕಷ್ಟ. ಆದರೆ ಗೋಡೆಗೆ ತೂಗುಹಾಕಿದ ಪರವಾನಗಿ ಪತ್ರ ಅವರನ್ನು ಪೂರ್ತಿ ಕಾಪಾಡುವುದೂ ಇಲ್ಲ. ತಪಾಸಣೆಯ ದಿನ ಯಂತ್ರ ಸರಿಯಿತ್ತು ಎಂಬುದಷ್ಟೇ ಅದರ ಸಾಕ್ಷ್ಯ.

ಗುತ್ತಿಗೆ ಕೊಟ್ಟರೆ ಮುಗಿಯಿತೇ?

ಇಂಗ್ಲೆಂಡಿನ ಉತ್ತರ 1941ರಲ್ಲಿ ಬಂತು. ಲಂಡನ್ನಿನ ಸ್ಟ್ರ್ಯಾಂಡ್ ಬಳಿಯ ಕಟ್ಟಡವೊಂದರಲ್ಲಿ ನೀರಿನ ಒತ್ತಡದಿಂದ ನಡೆಯುವ ಹಳೆಯ ಲಿಫ್ಟ್ ಇತ್ತು. ಅದರ ಒತ್ತಡ ಸೋರದಂತೆ ತಡೆಯುವ ಗ್ಲ್ಯಾಂಡ್ ಎಂಬ ಭಾಗವನ್ನು ಗುತ್ತಿಗೆ ಎಂಜಿನಿಯರುಗಳು ಬಿಚ್ಚಿ ಸರಿಪಡಿಸಿ ಹೋಗಿದ್ದರು. ಸರಿಪಡಿಸಿದ್ದು ಸರಿಯಾಗಿರಲಿಲ್ಲ. ಬಾಡಿಗೆದಾರರೊಬ್ಬರನ್ನು ಕಾಣಲು ಬಂದವರು ಏರಿದಾಗ ಲಿಫ್ಟ್ ತಳಕ್ಕೆ ಬಿತ್ತು. ಹ್ಯಾಸೆಲ್ಡೀನ್ ಮೊಕದ್ದಮೆ ಎಂದು ಹೆಸರಾದ ಆ ದಾವೆಯಲ್ಲಿ ಕೋರ್ಟು ಹೇಳಿದ್ದಿಷ್ಟು: ಲಿಫ್ಟಿನ ಒಳಗುಟ್ಟು ಕಟ್ಟಡದೊಡೆಯನಿಗೆ ಗೊತ್ತಿರಬೇಕಿಲ್ಲ. ಬಲ್ಲವರನ್ನು ನೇಮಿಸಿ, ಅವರ ಮಾತಿನಂತೆ ನಡೆದುಕೊಂಡಿದ್ದರೆ ಅವನ ಕರ್ತವ್ಯ ಮುಗಿಯಿತು. ಹೊಣೆ ರಿಪೇರಿಯವರದ್ದು, ಗಾಯಾಳುವಿನ ಜೊತೆ ಅವರಿಗೆ ಯಾವ ಕರಾರೂ ಇಲ್ಲದಿದ್ದರೂ ಸಹ. ಆ ಕೊನೆಯ ಮಾತು ಆ ಕಾಲಕ್ಕೆ ಹೊಸದು.

ನಾಲ್ಕು ವರ್ಷದ ಮೇಲೆ ಅದೇ ದೇಶದಲ್ಲಿ ಇದರ ಎಲ್ಲೆಯೂ ಗೊತ್ತಾಯಿತು. ಹೇಸ್ಟಿಂಗ್ಸ್ ಊರಿನ ಶಾಲೆಯೊಂದರ ಮೆಟ್ಟಿಲ ಮೇಲಿನ ಹಿಮವನ್ನು ಗುಡಿಸುವಾಗ ಅಲಕ್ಷ್ಯವಾಗಿ ಅದು ಜಾರುವಂತಾಗಿ ಹುಡುಗನೊಬ್ಬ ಬಿದ್ದ. ಗುಡಿಸಲು ತಜ್ಞರು ಬೇಕಿಲ್ಲ, ಆದ್ದರಿಂದ ತಜ್ಞರ ನೆಪ ನಡೆಯದು ಎಂದಿತು ಕೋರ್ಟು. ಎರಡನ್ನೂ ಒಟ್ಟಿಗೆ ಇಟ್ಟು ಓದಿದರೆ ಹೋಟೆಲಿನ ಎಸ್ಕಲೇಟರಿಗೆ ಒಂದು ಗೆರೆ ಸಿಗುತ್ತದೆ. ಒಳಗಿನ ಬ್ರೇಕು ಕೈಕೊಟ್ಟರೆ ನಿರ್ವಹಣಾ ಕಂಪನಿಯನ್ನು ಕೇಳಬೇಕು. ಇಳಿಯುವ ಜಾಗದಲ್ಲಿ ಚೆಲ್ಲಿದ ಪಾನೀಯವನ್ನು ಒರಸದಿದ್ದರೆ, ಹಲ್ಲು ಮುರಿದದ್ದು ಕಣ್ಣಿಗೆ ಕಾಣುತ್ತಿದ್ದರೂ ಯಂತ್ರ ನಿಲ್ಲಿಸದಿದ್ದರೆ ಹೋಟೆಲನ್ನೇ ಕೇಳಬೇಕು.

ಅಮೆರಿಕದ ಹಲವು ನ್ಯಾಯಾಲಯಗಳು ಇಷ್ಟಕ್ಕೆ ಒಪ್ಪುವುದಿಲ್ಲ. ನ್ಯೂಯಾರ್ಕಿನಲ್ಲಿ 1973ರ ರೋಜರ್ಸ್ ತೀರ್ಪಿನ ಪ್ರಕಾರ ವಸತಿ ಕಟ್ಟಡದ ಒಡೆಯನ ಸುರಕ್ಷತಾ ಕರ್ತವ್ಯ ಇನ್ನೊಬ್ಬರಿಗೆ ವಹಿಸಲು ಬಾರದ್ದು. ಪೂರ್ಣ ನಿರ್ವಹಣೆಗೆ ಒಪ್ಪಿಕೊಂಡ ಲಿಫ್ಟ್ ಕಂಪನಿಯೂ ಗಾಯಾಳುವಿಗೆ ನೇರ ಉತ್ತರ ಕೊಡಬೇಕು. ಆಮೇಲೆ ಒಡೆಯ ತಾನು ತೆತ್ತದ್ದನ್ನು ಆ ಕಂಪನಿಯಿಂದ ವಸೂಲಿ ಮಾಡಿಕೊಳ್ಳಲಿ. ನೆವಾಡಾದ ಸುಪ್ರೀಂ ಕೋರ್ಟು 1996ರಲ್ಲಿ ರಾಕ್‌ವೆಲ್ ಮೊಕದ್ದಮೆಯಲ್ಲಿ, ಕಾವಲುಗಾರರನ್ನು ಹೊರಗಿನ ಏಜೆನ್ಸಿಯಿಂದ ತರಿಸಿಕೊಂಡರೂ ಆವರಣದೊಡೆಯನ ಸ್ವಂತ ಹೊಣೆ ತಪ್ಪದು ಎಂದಿತು. ಅದು ಯಂತ್ರದ ಮೊಕದ್ದಮೆಯಲ್ಲ, ಕಾವಲುಗಾರರದ್ದು. ಆದರೂ ಅದರ ತರ್ಕವನ್ನು ಎಸ್ಕಲೇಟರಿಗೆ ಚಾಚುವುದು ವಕೀಲರಿಗೆ ಕಷ್ಟವಲ್ಲ.

ಹೀಗಾಗಿ ನಿಜವಾದ ಹಣಾಹಣಿ ನಡೆಯುವುದು ಹೋಟೆಲ್ ಮತ್ತು ನಿರ್ವಹಣಾ ಕಂಪನಿಯ ನಡುವಿನ ಕರಾರಿನಲ್ಲಿ. ಪೂರ್ಣ ನಿರ್ವಹಣೆಯ ಕರಾರಿದ್ದರೆ ಬಿಡಿಭಾಗ, ದುರಸ್ತಿ, ತುರ್ತು ಕರೆ ಎಲ್ಲ ಕಂಪನಿಯ ಪಾಲು. ಬರೀ ಎಣ್ಣೆ–ಗ್ರೀಸಿನ ಕರಾರಾದರೆ ಕಂಪನಿಯವರು ಒರೆಸಿ, ಎಣ್ಣೆ ಬಿಟ್ಟು, ಸವೆದದ್ದನ್ನು ಬರೆದು ತಿಳಿಸಿ ಹೋಗುತ್ತಾರೆ. ಬದಲಾಯಿಸುವ ಖರ್ಚಿಗೆ ಒಪ್ಪುವುದೋ ಬಿಡುವುದೋ ಹೋಟೆಲಿನ ತೀರ್ಮಾನ. ಮೆಟ್ಟಿಲ ಸರಪಳಿ ಬದಲಿಸಬೇಕೆಂದು ಕಂಪನಿ ಕೊಟ್ಟ ಅಂದಾಜು ಪಟ್ಟಿಯನ್ನು ಹೋಟೆಲಿನ ಎಂಜಿನಿಯರಿಂಗ್ ವಿಭಾಗ ಮುಂದಿನ ವರ್ಷದ ಬಜೆಟ್ಟಿಗೆ ತಳ್ಳಿದ್ದರೆ, ಆ ಒಂದು ಹಾಳೆ ಮೊಕದ್ದಮೆಯ ದಿಕ್ಕನ್ನೇ ತಿರುಗಿಸುತ್ತದೆ. ಕರಾರಿನ ಕೊನೆಯ ಪುಟಗಳಲ್ಲಿ ಒಬ್ಬರ ನಷ್ಟವನ್ನು ಇನ್ನೊಬ್ಬರು ತುಂಬಿಕೊಡುವ ಷರತ್ತು ಇದ್ದೇ ಇರುತ್ತದೆ. ಗಾಯಾಳುವಿಗೆ ಅದು ಸಂಬಂಧಿಸಿದ್ದಲ್ಲ, ಅವರ ವಿಮಾ ಕಂಪನಿಗಳಿಗೆ ಅದೇ ಸರ್ವಸ್ವ.

ರುಜುವಾತು

ಬಿದ್ದವರಿಗೆ ಯಂತ್ರದ ಒಳಗೇನಾಯಿತೆಂದು ತಿಳಿಯುವುದು ಹೇಗೆ? ಅದಕ್ಕೇ 1863ರಲ್ಲಿ ಇಂಗ್ಲೆಂಡಿನಲ್ಲಿ, ಗೋದಾಮಿನ ಮೇಲಿನಿಂದ ಹಿಟ್ಟಿನ ಪೀಪಾಯಿ ದಾರಿಹೋಕನ ಮೇಲೆ ಬಿದ್ದ ಮೊಕದ್ದಮೆಯಲ್ಲಿ, ರೆಸ್ ಇಪ್ಸಾ ಲಾಕ್ವಿಟರ್ ಎಂಬ ತತ್ವ ರೂಪುಗೊಂಡಿತು. ಅಲಕ್ಷ್ಯವಿಲ್ಲದೆ ಸಾಮಾನ್ಯವಾಗಿ ಆಗದಂಥ ಘಟನೆ, ಪ್ರತಿವಾದಿಯ ಹತೋಟಿಯಲ್ಲಿದ್ದ ವಸ್ತುವಿನಿಂದ, ಗಾಯಾಳುವಿನ ಕೈವಾಡವಿಲ್ಲದೆ ಆದರೆ, ಅಲಕ್ಷ್ಯವನ್ನು ಊಹಿಸಿಕೊಳ್ಳಲು ಅವಕಾಶವುಂಟು. ನೆವಾಡಾದ ಸುಪ್ರೀಂ ಕೋರ್ಟು 1985ರಲ್ಲಿ ಓಟಿಸ್ ಕಂಪನಿ ಪ್ರತಿವಾದಿಯಾಗಿದ್ದ ಲಿಫ್ಟ್ ಮೊಕದ್ದಮೆಯಲ್ಲಿ ಈ ತತ್ವವನ್ನು ಎತ್ತಿಹಿಡಿಯಿತು. ಅಟ್ಲಾಂಟಿಕ್ ಸಿಟಿಯ ಕ್ಯಾಸಿನೊಗಳಿರುವ ನ್ಯೂಜೆರ್ಸಿಯ ಸುಪ್ರೀಂ ಕೋರ್ಟು 2018ರ ಮೆಕ್‌ಡೇಡ್ ತೀರ್ಪಿನಲ್ಲಿ, ಜನರಿಗೆ ಬಡಿಯುವ ಲಿಫ್ಟ್ ಬಾಗಿಲಿಗೂ ಇದು ಸಲ್ಲುತ್ತದೆ ಎಂದಿತು.

ಎಸ್ಕಲೇಟರಿನಲ್ಲಿ ಈ ತತ್ವ ಅಷ್ಟು ಸುಲಭವಾಗಿ ಕೂಡಿಬರುವುದಿಲ್ಲ. ದಿನಕ್ಕೆ ಸಾವಿರಾರು ಜನ ಹತ್ತಿಳಿಯುವ, ಯಾರು ಬೇಕಾದರೂ ಕೆಂಪು ಗುಂಡಿ ಒತ್ತಿ ನಿಲ್ಲಿಸಬಹುದಾದ ಯಂತ್ರದಲ್ಲಿ ಹತೋಟಿ ಯಾರದ್ದು? ಕುಡಿದ ಮೋಜುಗಾರನೊಬ್ಬ ಗುಂಡಿ ಒತ್ತಿದ್ದರಿಂದ ಮೆಟ್ಟಿಲು ಗಕ್ಕನೆ ನಿಂತು ಮೇಲಿದ್ದವರು ಉರುಳಿದರೆ, ನಿಲುಗಡೆ ನಯವಾಗಿ ಆಗಬೇಕಿತ್ತಲ್ಲ, ಬ್ರೇಕಿನ ಹೊಂದಾಣಿಕೆ ಸರಿಯಿತ್ತೇ ಎಂದು ತಜ್ಞರ ಸಾಕ್ಷ್ಯವೇ ಬೇಕಾಗುತ್ತದೆ.

ಆಗ ಕೈಹಿಡಿಯುವುದು ದಾಖಲೆ. ಯಂತ್ರದ ಕೋಣೆಯಲ್ಲಿ ಇಡಬೇಕಾದ ನಿರ್ವಹಣಾ ಪುಸ್ತಕ, ಮೆಕ್ಯಾನಿಕ್ಕು ಬಂದ ದಿನ–ಹೊತ್ತಿನ ಚೀಟಿ, ಅದೇ ದೋಷಕ್ಕೆ ಮತ್ತೆ ಮತ್ತೆ ಕರೆಸಿದ ಪಟ್ಟಿ, ಇನ್‌ಸ್ಪೆಕ್ಟರ ನೋಟೀಸು. ಅಪಾಯದ ಸುಳಿವು ಹೋಟೆಲಿಗೆ ಇತ್ತು, ಇಲ್ಲವೇ ಇರಬೇಕಿತ್ತು ಎಂದು ತೋರಿಸಲು ಇವಕ್ಕಿಂತ ಒಳ್ಳೆಯ ಸಾಧನವಿಲ್ಲ. ಒಂದೇ ಲಿಫ್ಟಿಗೆ ಒಂದೇ ತಿಂಗಳಲ್ಲಿ ಐದಾರು ಸಲ ಬಾಗಿಲ ದೂರು ದಾಖಲಾಗಿದ್ದರೆ ಗೊತ್ತಿರಲಿಲ್ಲ ಎನ್ನಲು ಯಾವ ಮ್ಯಾನೇಜರಿಗೂ ಬಾಯಿ ಬರದು.

ಕ್ಯಾಸಿನೊದಲ್ಲಿ ಇನ್ನೊಂದು ಸಾಕ್ಷಿ ಉಂಟು, ಕ್ಯಾಮೆರಾ. ಜೂಜಿನ ಮೇಜಿನ ಮೇಲೆ ಯಾರ ಕೈಯಲ್ಲಿ ಯಾವ ಎಲೆ ಎಂಬುದನ್ನೂ ಬಿಡದೆ ನೋಡುವ ಕಟ್ಟಡ ಅದು. ಅಲ್ಲಿ ಎಸ್ಕಲೇಟರಿನ ಬುಡದಲ್ಲಿ ಬಿದ್ದವರ ದೃಶ್ಯ ಮಾತ್ರ ಸಿಗಲಿಲ್ಲವೆಂದರೆ ಜ್ಯೂರಿ ಹುಬ್ಬೇರಿಸುವುದು ಸಹಜ. ದೃಶ್ಯಗಳನ್ನು ಕಾಲಕಾಲಕ್ಕೆ ಅಳಿಸಿ ಅದರ ಮೇಲೇ ಹೊಸದನ್ನು ತುಂಬುವುದು ವಾಡಿಕೆಯಾದ್ದರಿಂದ, ದೃಶ್ಯವನ್ನು ಕಾಯ್ದಿಡಿ ಎಂಬ ನೋಟೀಸು ಕಳಿಸುವುದೇ ಗಾಯಾಳುವಿನ ವಕೀಲರ ಮೊದಲ ಕೆಲಸ. ಅಂಗಡಿಯೊಂದರಲ್ಲಿ ಜಾರಿಬಿದ್ದ ಪ್ರಕರಣದ ವಿಡಿಯೊ ಟೇಪು ಕಳೆದುಹೋಗಿದ್ದ ಬ್ಯಾಸ್–ಡೇವಿಸ್ ಮೊಕದ್ದಮೆಯಲ್ಲಿ ನೆವಾಡಾದ ಸುಪ್ರೀಂ ಕೋರ್ಟು 2006ರಲ್ಲಿ ಒಂದು ಭೇದ ಮಾಡಿತು. ಬೇಕೆಂದೇ ಬಚ್ಚಿಟ್ಟ ಸಾಕ್ಷ್ಯ ಬಚ್ಚಿಟ್ಟವರಿಗೆ ವಿರುದ್ಧವಾಗಿತ್ತೆಂದೇ ಕಾನೂನು ಭಾವಿಸುತ್ತದೆ, ಅಲ್ಲವೆಂದು ಸಾಬೀತು ಮಾಡುವ ಭಾರ ಅವರ ಮೇಲೆ. ಅಜಾಗ್ರತೆಯಿಂದ ಕಳೆದದ್ದಾದರೆ ಹಾಗೆ ಊಹಿಸಲು ಜ್ಯೂರಿಗೆ ಅವಕಾಶವಿದೆ, ಕಡ್ಡಾಯವಿಲ್ಲ.

ಗಾಯಾಳುವಿನ ತಪ್ಪು, ಮೂರನೆಯವರ ತಪ್ಪು

ನೆವಾಡಾದ ಕಾಯಿದೆ ತಪ್ಪನ್ನು ಶೇಕಡಾವಾರು ಹಂಚುತ್ತದೆ. ಗಾಯಾಳುವಿನ ಪಾಲು ಶೇ 50ರವರೆಗೆ ಇದ್ದರೆ ಅಷ್ಟನ್ನು ಕಳೆದು ಉಳಿದದ್ದು ಸಿಗುತ್ತದೆ, ಅದನ್ನು ಮೀರಿದರೆ ಏನೂ ಇಲ್ಲ. ನಷ್ಟ 1,00,000 ಡಾಲರ್ ಎಂದಿಟ್ಟುಕೊಳ್ಳಿ. ಜ್ಯೂರಿ ಗಾಯಾಳುವಿಗೆ 30, ಹೋಟೆಲಿಗೆ 50, ನಿರ್ವಹಣಾ ಕಂಪನಿಗೆ 20 ಎಂದು ಹಂಚಿದರೆ ಹೋಟೆಲಿನಿಂದ 50,000, ಕಂಪನಿಯಿಂದ 20,000 ಬರುತ್ತದೆ. ಒಬ್ಬರು ದಿವಾಳಿಯಾದರೆ ಅವರ ಪಾಲನ್ನು ಸಾಮಾನ್ಯವಾಗಿ ಇನ್ನೊಬ್ಬರು ತುಂಬಬೇಕಿಲ್ಲ. ಆದ್ದರಿಂದಲೇ ಪ್ರತಿವಾದಿಗಳ ವಕೀಲರು ಎತ್ತರದ ಹಿಮ್ಮಡಿ, ಕೈಯಲ್ಲಿದ್ದ ಫೋನು, ಎರಡು ಸೂಟ್‌ಕೇಸುಗಳನ್ನು ಅಷ್ಟು ಶ್ರದ್ಧೆಯಿಂದ ಎಣಿಸುವುದು.

ಎಲ್ಲಕ್ಕಿಂತ ಜಟಿಲವಾದದ್ದು ಕುಡಿತ. ಜೂಜಾಡುವವರಿಗೆ ಪುಕ್ಕಟೆ ಪಾನೀಯ ಕೊಡುವುದು ಲಾಸ್ ವೇಗಸ್ಸಿನ ಪದ್ಧತಿ. ಹಾಗೆ ಕುಡಿಸಿ ಎಸ್ಕಲೇಟರಿಗೆ ಬಿಟ್ಟವರ ಮೇಲೆ ಹೊಣೆ ಹೊರಿಸಬೇಕೆಂದು ಯಾರಿಗಾದರೂ ತೋಚುತ್ತದೆ. ಆದರೆ ನೆವಾಡಾದ ಕಾಯಿದೆ 21 ವರ್ಷ ದಾಟಿದವರಿಗೆ ಮದ್ಯ ಕೊಟ್ಟವರನ್ನು, ಆ ಕುಡಿತದಿಂದ ಆದ ಹಾನಿಗೆ ಹೊಣೆ ಮಾಡುವುದಿಲ್ಲ. ಇತರ ಎಷ್ಟೋ ರಾಜ್ಯಗಳಲ್ಲಿ ಹೀಗಿಲ್ಲ. ಜೂಜನ್ನು ನೆಚ್ಚಿದ ರಾಜ್ಯ ತನ್ನ ಉದ್ಯಮಕ್ಕೆ ಹೊದಿಸಿದ ಈ ಕಂಬಳಿ ತುಸು ಹೆಚ್ಚೇ ಬೆಚ್ಚಗಿದೆ ಎನ್ನದೆ ವಿಧಿಯಿಲ್ಲ. ಆದರೂ ಕುಡಿದವನಿಗೆ ಸುರಕ್ಷಿತ ಯಂತ್ರದ ಹಕ್ಕು ಇಲ್ಲವಾಗುವುದಿಲ್ಲ. ಬ್ರೇಕು ಕೆಟ್ಟಿದ್ದರೆ ಅವನ ಅಮಲು ಶೇಕಡಾ ಲೆಕ್ಕದಲ್ಲಿ ಮಾತ್ರ ಕಾಣಿಸಿಕೊಳ್ಳುತ್ತದೆ.

ಮೇಲಿನ ಮೆಟ್ಟಿಲಲ್ಲಿದ್ದವರ ಕೈಜಾರಿದ ಭಾರದ ಸೂಟ್‌ಕೇಸು ಉರುಳಿ ಬಂದು ಕೆಳಗಿದ್ದವರನ್ನು ಕೆಡವುವುದು ಹೋಟೆಲುಗಳಲ್ಲಿ ಆಗುವ ಇನ್ನೊಂದು ಬಗೆಯ ಅವಘಡ. ಇಲ್ಲಿ ತಪ್ಪು ಇನ್ನೊಬ್ಬ ಅತಿಥಿಯದು. ನೆವಾಡಾದ ವಸತಿಗೃಹ ಕಾಯಿದೆಯಂತೆ, ನೌಕರನಲ್ಲದ ಮೂರನೆಯವನಿಂದ ಆದ ಗಾಯಕ್ಕೆ ಹೋಟೆಲು ಹೊಣೆಯಾಗಬೇಕಾದರೆ ಅದು ಮೊದಲೇ ಊಹಿಸಬಹುದಾಗಿದ್ದಿರಬೇಕು. ಚೆಕ್–ಇನ್ ಕೌಂಟರಿನಿಂದ ಕೋಣೆಗೆ ಹೋಗುವ ದಾರಿಯಲ್ಲೇ ಎಸ್ಕಲೇಟರು ಎದುರಾಗಿ, ಲಿಫ್ಟ್ ಎಲ್ಲೋ ಮೂಲೆಯಲ್ಲಿದ್ದು, ಅದರ ಕಡೆ ಕೈತೋರುವ ಬೋರ್ಡೂ ಇಲ್ಲದಿದ್ದರೆ, ಹಿಂದೆ ಇಂಥದೇ ನಾಲ್ಕಾರು ಘಟನೆಗಳು ದಾಖಲಾಗಿದ್ದರೆ, ಊಹಿಸಲಾಗಲಿಲ್ಲ ಎಂಬ ಮಾತು ದುರ್ಬಲವಾಗುತ್ತದೆ.

ತಯಾರಕ, ನೌಕರ, ಬೆಂಕಿ

ವಿನ್ಯಾಸದಲ್ಲೇ ದೋಷವಿದ್ದರೆ ಅಲಕ್ಷ್ಯವನ್ನು ಸಾಬೀತು ಮಾಡುವ ಅಗತ್ಯವಿಲ್ಲದೆ ತಯಾರಕನನ್ನು ಹಿಡಿಯಲು ಅಮೆರಿಕದ ಉತ್ಪನ್ನ ಹೊಣೆಯ ಕಾನೂನು ಬಿಡುತ್ತದೆ. ಕ್ಯಾಲಿಫೋರ್ನಿಯಾದ 1963ರ ಗ್ರೀನ್‌ಮನ್ ತೀರ್ಪು ಅದರ ಬುನಾದಿ. ಎಸ್ಕಲೇಟರು ದಶಕಗಟ್ಟಲೆ ಓಡುವ ಯಂತ್ರ, ಆ ಅವಧಿಯಲ್ಲಿ ಬಿಡಿಭಾಗಗಳೆಲ್ಲ ಬದಲಾಗಿರುತ್ತವೆ. ಹಾಗಾಗಿ ಈ ದಾರಿ ಹಿಡಿಯುವವರು ಕಡಿಮೆ.

ಅಮೆರಿಕದಲ್ಲಿ ಲಿಫ್ಟ್, ಎಸ್ಕಲೇಟರುಗಳಿಂದ ವರ್ಷಕ್ಕೆ ಸುಮಾರು 30 ಸಾವು, 17,000 ತೀವ್ರ ಗಾಯ ಎಂದು ಕಟ್ಟಡ ಕಾರ್ಮಿಕರ ಸುರಕ್ಷತೆ ಕುರಿತ 2006ರ ಅಧ್ಯಯನವೊಂದು ಅಂದಾಜಿಸಿತ್ತು. ಸತ್ತವರಲ್ಲಿ ಸರಿಸುಮಾರು ಅರ್ಧದಷ್ಟು ಮಂದಿ ಅಲ್ಲಿ ಕೆಲಸ ಮಾಡುತ್ತಿದ್ದವರು. ಹೋಟೆಲಿನ ನೌಕರರೂ ಅತಿಥಿಗಳಷ್ಟೇ, ಬಹುಶಃ ಹೆಚ್ಚೇ, ಈ ಯಂತ್ರಗಳನ್ನು ಬಳಸುತ್ತಾರೆ. ಜಪಾನಿನ ಕನಜಾವಾದ ಹೋಟೆಲೊಂದರಲ್ಲಿ 2012ರ ಅಕ್ಟೋಬರಿನಲ್ಲಿ ಬಾಗಿಲು ತೆರೆದಿದ್ದಂತೆಯೇ ಲಿಫ್ಟ್ ಮೇಲೇರಿ, ಒಳಗೆ ಕಾಲಿಡುತ್ತಿದ್ದ ಶುಚಿತ್ವ ಕೆಲಸದ ಮಹಿಳೆ ಸಿಕ್ಕಿ ಸತ್ತರು. 2006ರಲ್ಲಿ ಟೋಕಿಯೊದಲ್ಲಿ ಶಾಲಾ ಬಾಲಕನೊಬ್ಬ ಇದೇ ರೀತಿ ಸತ್ತಾಗ ಇದ್ದದ್ದೂ ಅದೇ ಕಂಪನಿಯ ಲಿಫ್ಟ್. ಬಾಲಕನ ಸಾವಿನ ನಂತರ ಜಪಾನು, ಬಾಗಿಲು ತೆರೆದಿರುವಾಗ ಪೆಟ್ಟಿಗೆ ಅಲುಗದಂತೆ ತಡೆಯುವ ಹೆಚ್ಚುವರಿ ಬ್ರೇಕನ್ನು ಹೊಸ ಲಿಫ್ಟ್‌ಗಳಿಗೆ ಕಡ್ಡಾಯ ಮಾಡಿತ್ತು. ಹಳೆಯವು ಹಾಗೇ ಉಳಿದಿದ್ದವು. ಅಮೆರಿಕದಲ್ಲಿ ಇಂಥ ನೌಕರರು ಸಾಮಾನ್ಯವಾಗಿ ತಮ್ಮ ಹೋಟೆಲಿನ ಮೇಲೆ ದಾವೆ ಹೂಡುವಂತಿಲ್ಲ. ಕಾರ್ಮಿಕ ಪರಿಹಾರ ವಿಮೆಯ ನಿಗದಿತ ಮೊತ್ತಕ್ಕೆ ತೃಪ್ತರಾಗಬೇಕು. ಲಿಫ್ಟ್ ಕಂಪನಿ ಹೊರಗಿನದಾದ್ದರಿಂದ ಅದರ ಮೇಲೆ ಮಾತ್ರ ಪೂರ್ಣ ನಷ್ಟಕ್ಕೆ ದಾವೆ ನಡೆಯುತ್ತದೆ.

ಲಾಸ್ ವೇಗಸ್ಸಿನ ಎಂಜಿಎಂ ಗ್ರ್ಯಾಂಡ್ ಹೋಟೆಲಿನಲ್ಲಿ 1980ರ ನವೆಂಬರ್ 21ರಂದು ಹೊತ್ತಿದ ಬೆಂಕಿ 85 ಜನರನ್ನು ಬಲಿ ತೆಗೆದುಕೊಂಡಿತು. ಬೆಂಕಿ ಇದ್ದದ್ದು ಕೆಳಗಿನ ಕ್ಯಾಸಿನೊದಲ್ಲಿ. ಹೆಚ್ಚಿನವರು ಸತ್ತದ್ದು ಮೇಲಿನ ಮಹಡಿಗಳಲ್ಲಿ, ಹೊಗೆಯಿಂದ. ಹೊಗೆ ಮೇಲೇರಿದ ದಾರಿಗಳಲ್ಲಿ ಲಿಫ್ಟ್ ಓಡುವ ಬಾವಿಗಳೂ ಸೇರಿದ್ದವು, ಕೆಲವರು ಲಿಫ್ಟಿನೊಳಗೇ ಪ್ರಾಣಬಿಟ್ಟರು. ಆ ದಾವೆಗಳಲ್ಲಿ ಹೋಟೆಲಿನಿಂದ ಹಿಡಿದು ಕಟ್ಟಡದ ಸಾಮಗ್ರಿ ಒದಗಿಸಿದವರವರೆಗೆ ಪ್ರತಿವಾದಿಗಳ ಪಟ್ಟಿ ಬೆಳೆದು, ಕೊನೆಗೆ ರಾಜಿಯಲ್ಲಿ ಮುಗಿಯಿತು. ಮರುವರ್ಷವೇ ನೆವಾಡಾ ಹಳೆಯ ಎತ್ತರದ ಹೋಟೆಲುಗಳಿಗೂ ಅನ್ವಯವಾಗುವ ಕಟ್ಟುನಿಟ್ಟಿನ ಅಗ್ನಿ ಸುರಕ್ಷತಾ ಕಾಯಿದೆ ತಂದಿತು.

ಯಾವ ಕೋರ್ಟು, ಎಷ್ಟು ಕಾಲ

ನೆವಾಡಾದಲ್ಲಿ ದೇಹಕ್ಕಾದ ಗಾಯಕ್ಕೆ ದಾವೆ ಹೂಡಲು ಎರಡು ವರ್ಷದ ಅವಧಿ. ಬೇರೆ ರಾಜ್ಯದಿಂದ ಬಂದ ಪ್ರವಾಸಿಯ ದಾವೆ 75,000 ಡಾಲರ್ ಮೀರಿದ್ದರೆ ಫೆಡರಲ್ ಕೋರ್ಟಿಗೂ ಹೋಗಬಹುದು. ಬೀದಿಯ ಮೇಲೆ ಹೋಟೆಲಿನಿಂದ ಹೋಟೆಲಿಗೆ ದಾಟುವ ಪಾದಚಾರಿ ಸೇತುವೆಗಳಲ್ಲೂ ಎಸ್ಕಲೇಟರುಗಳಿವೆ. ಅವು ಕ್ಯಾಸಿನೊದವೇ ಎಂಬಂತೆ ಕಂಡರೂ ಹಲವು ಸಾರ್ವಜನಿಕ ಸ್ವತ್ತು. ಸರ್ಕಾರಿ ಸಂಸ್ಥೆಯ ವಿರುದ್ಧ ಸಿಗುವ ಪರಿಹಾರಕ್ಕೆ ಕಾಯಿದೆಯೇ ಗರಿಷ್ಠ ಮಿತಿ ಹಾಕಿರುವುದರಿಂದ, ಬಿದ್ದದ್ದು ಬಾಗಿಲಿನಿಂದ ಹತ್ತು ಹೆಜ್ಜೆ ಈಚೆಗೋ ಆಚೆಗೋ ಎಂಬುದು ದುಡ್ಡಿನ ಲೆಕ್ಕದಲ್ಲಿ ಭಾರಿ ವ್ಯತ್ಯಾಸ ಮಾಡುತ್ತದೆ.

ಇದಕ್ಕಿಂತ ವಿಚಿತ್ರ ಮೂಲನಿವಾಸಿ ಬುಡಕಟ್ಟುಗಳ ಕ್ಯಾಸಿನೊಗಳ ಸ್ಥಿತಿ. ಬುಡಕಟ್ಟುಗಳಿಗೆ ಸಾರ್ವಭೌಮ ರಕ್ಷಣೆ ಇದೆ, ವ್ಯಾಪಾರದ ವಿಷಯದಲ್ಲೂ ಅದು ಉಳಿಯುತ್ತದೆ ಎಂದು ಅಮೆರಿಕದ ಸುಪ್ರೀಂ ಕೋರ್ಟು 1998ರ ಕಯೊವಾ ತೀರ್ಪಿನಲ್ಲಿ ಹೇಳಿದೆ. ಆದ್ದರಿಂದ ಕನೆಕ್ಟಿಕಟ್ಟಿನ ಮೊಹೀಗನ್ ಸನ್ ಕ್ಯಾಸಿನೊದಲ್ಲಿ ಬಿದ್ದವರು ರಾಜ್ಯದ ಕೋರ್ಟಿಗಲ್ಲ, ಬುಡಕಟ್ಟು ತಾನೇ ಸ್ಥಾಪಿಸಿದ ಜೂಜು ವ್ಯಾಜ್ಯ ನ್ಯಾಯಾಲಯಕ್ಕೆ, ಅದರದೇ ಕಾಲಮಿತಿಯೊಳಗೆ ಹೋಗಬೇಕು. ಅಲ್ಲಿ ಜ್ಯೂರಿ ಇರುವುದಿಲ್ಲ.

ಭಾರತದಲ್ಲಿ

ಭಾರತದಲ್ಲಿ ಕ್ಯಾಸಿನೊಗಳಿರುವುದು ಮುಖ್ಯವಾಗಿ ಗೋವಾ ಮತ್ತು ಸಿಕ್ಕಿಂನಲ್ಲಿ. ಗೋವಾದ ಕಾನೂನು ಅವಕ್ಕೆ ಪಂಚತಾರಾ ಹೋಟೆಲು ಮತ್ತು ನೀರಿನ ಮೇಲಿನ ಹಡಗುಗಳಲ್ಲಿ ಅವಕಾಶ ಕೊಟ್ಟಿದೆ. ಕರ್ನಾಟಕದಲ್ಲಿ ಕ್ಯಾಸಿನೊ ಇಲ್ಲ. ಇಲ್ಲಿನ ಲಿಫ್ಟ್, ಎಸ್ಕಲೇಟರುಗಳಿಗೆ ಅನ್ವಯಿಸುವುದು 2012ರ ಕರ್ನಾಟಕ ಲಿಫ್ಟುಗಳು, ಎಸ್ಕಲೇಟರುಗಳು ಮತ್ತು ಪ್ರಯಾಣಿಕ ಕನ್ವೇಯರುಗಳ ಅಧಿನಿಯಮ. ಪರವಾನಗಿ ಮತ್ತು ತಪಾಸಣೆಯನ್ನು ನೋಡಿಕೊಳ್ಳುವುದು ವಿದ್ಯುತ್ ಪರಿವೀಕ್ಷಣಾಲಯ. ಇದು ಯಂತ್ರದ ಸುರಕ್ಷತೆಯ ಕಾಯಿದೆ. ಗಾಯಾಳುವಿನ ಪರಿಹಾರಕ್ಕೆ ಬೇರೆ ಬಾಗಿಲು ತಟ್ಟಬೇಕು.

ಆ ಬಾಗಿಲಲ್ಲಿ ನಿಂತಿರುವ ಹಳೆಯ ತೀರ್ಪುಗಳು ಹೆಚ್ಚಿಲ್ಲ, ಇರುವವು ಗಟ್ಟಿ. ದೆಹಲಿಯ ಚಾಂದನಿ ಚೌಕದ ಗಡಿಯಾರದ ಗೋಪುರ ಕುಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1966ರಲ್ಲಿ ರೆಸ್ ಇಪ್ಸಾ ಲಾಕ್ವಿಟರ್ ತತ್ವವನ್ನು ಅನ್ವಯಿಸಿ, ದೋಷ ಕಣ್ಣಿಗೆ ಕಾಣುತ್ತಿರಲಿಲ್ಲ ಎಂಬ ಸಮಜಾಯಿಷಿಯನ್ನು ತಳ್ಳಿಹಾಕಿತು. ಐಷಾರಾಮಿ ಹೋಟೆಲಿನ ಈಜುಕೊಳದಲ್ಲಿ 1972ರಲ್ಲಿ ಧುಮುಕಿ ಗಾಯಗೊಂಡ ಜರ್ಮನ್ ಅತಿಥಿಯ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ 1997ರಲ್ಲಿ 50 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಪಂಚತಾರಾ ಬೆಲೆ ತೆಗೆದುಕೊಂಡವರು ಪಂಚತಾರಾ ಎಚ್ಚರವನ್ನೂ ತೋರಬೇಕು ಎಂಬರ್ಥದ ಆ ವಾದ ಕಾನೂನು ತರಗತಿಗಳಲ್ಲಿ ಇಂದಿಗೂ ಓಡಾಡುತ್ತಿದೆ. ಮೇಲ್ಮನವಿಯಲ್ಲಿ ಮಾತ್ರ ಆ ಆದೇಶ ನಿಲ್ಲಲಿಲ್ಲ. ಬಳಕೆದಾರರ ಸ್ವಂತ ಜವಾಬ್ದಾರಿ ಎಂದು ಬೋರ್ಡು ಬರೆಸಿದರೆ ಸಾಕೆಂದುಕೊಳ್ಳುವ ಹೋಟೆಲುಗಳು 2019ರಲ್ಲಿ ಸುಪ್ರೀಂ ಕೋರ್ಟು ತಾಜ್ ಮಹಲ್ ಹೋಟೆಲಿನ ಪಾರ್ಕಿಂಗ್ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು ಓದಬೇಕು. ಕಾರಿನ ಟೋಕನ್ನಿನ ಹಿಂದೆ ಅಚ್ಚಾದ ಷರತ್ತು ಹೋಟೆಲನ್ನು ತನ್ನದೇ ಅಲಕ್ಷ್ಯದ ಹೊಣೆಯಿಂದ ಪಾರುಮಾಡಲಿಲ್ಲ.

ಸಾಮಾನ್ಯರಿಗೆ ಹೆಚ್ಚು ಎಟುಕುವುದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ. ದೋಷಪೂರಿತ ಉತ್ಪನ್ನಕ್ಕೆ ತಯಾರಕನನ್ನೂ, ಕೊರತೆಯ ಸೇವೆಗೆ ಸೇವೆ ಕೊಟ್ಟವನನ್ನೂ ಅದು ಒಂದೇ ದೂರಿನಲ್ಲಿ ತರಲು ಬಿಡುತ್ತದೆ. ದೂರಿಗೆ ಎರಡು ವರ್ಷದ ಗಡುವು. ಯಾವ ಹಂತದ ಆಯೋಗ ಎಂಬುದು ಕೇಳುವ ಪರಿಹಾರದ ಮೇಲಲ್ಲ, ಸೇವೆಗೆ ಕೊಟ್ಟ ಹಣದ ಮೇಲೆ ನಿರ್ಧಾರವಾಗುತ್ತದೆ. ಆ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ಎಂಟು ಸಾವಿರದ ಕೋಣೆ ಹಿಡಿದು ಲಿಫ್ಟಿನಲ್ಲಿ ಕಾಲು ಮುರಿದುಕೊಂಡವರು ಹತ್ತು ಲಕ್ಷ ಕೇಳಿದರೂ ಜಿಲ್ಲಾ ಆಯೋಗಕ್ಕೆ ಶುಲ್ಕವಿಲ್ಲದೆ ಹೋಗಬಹುದು. ಮದುವೆಯ ಹಾಲನ್ನು ಬೇರೆಯವರು ಗೊತ್ತುಮಾಡಿದ್ದು, ನೀವು ಊಟಕ್ಕೆ ಬಂದವರಾದರೂ ಅವರ ಒಪ್ಪಿಗೆಯಿಂದ ಸೇವೆ ಪಡೆದವರೆಂದು ದೂರು ಕೊಡಲು ಹಾದಿಯಿದೆ. ಏನನ್ನೂ ಕೊಳ್ಳದೆ, ಯಾರ ಅತಿಥಿಯೂ ಅಲ್ಲದೆ ಬರೀ ಲಾಬಿ ನೋಡಲು ಬಂದು ಎಸ್ಕಲೇಟರಿನಲ್ಲಿ ಬಿದ್ದವರಿಗೆ ಮಾತ್ರ ಉಳಿಯುವುದು ಸಿವಿಲ್ ಕೋರ್ಟು, ಕೇಳಿದ ಮೊತ್ತಕ್ಕೆ ತಕ್ಕ ಕೋರ್ಟು ಶುಲ್ಕ ಕಟ್ಟಿ.